ಚರ್ಚಿನ ಸಂದಿ ಬಿಡಿಸಿದ ಮಳೆಗಾಲ

ಹೋದ ವಾರ ನವನಗರದ ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಯಾರೋ ಸ್ಲ್ಯಾಬ್ ಹಾಕಿಸಿದರು. ಮರುದಿನ ಬೆಳಿಗ್ಗೆ ಅದಕ್ಕೆ ನೀರು ಬಿಟ್ಟಾಗ ಹಸಿ ಸಿಮೆಂಟಿನ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಚಹಾ ಸೋಸುತ್ತಿದ್ದವಳು ಹಾಗೇ ನಿಂತು ತಲೆ ಎತ್ತಿ ನೋಡಿದೆ. ಮೇಲೆ ಏನಿದೆ, ನಮ್ಮದೇ ಮನೆಯ ಮಾಳಿಗೆ, ಒಂದು ಫ್ಯಾನು. ಆದರೂ ಚಹಾ ಅಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟೆ. ಆ ವಾಸನೆ ಬಹಳ ಜನರಿಗೆ ಇಷ್ಟ. ಹೊಸ ಮನೆಯ ವಾಸನೆ ಅನ್ನುತ್ತಾರೆ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಸಾಕು, ಒಂದು ಇಡೀ ಮಳೆಗಾಲ ಹೊಟ್ಟೆಯೊಳಗೆ ಎದ್ದು ಕೂರುತ್ತದೆ.

ನಾನು ಹುಟ್ಟಾ ಅಂಜುಬುರುಕಿ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೆ ಕನ್ನಡ ಕಲಿಸಿದೆ. ಹಿಂದಿನ ಬೆಂಚಿನ ಉಡಾಳ ಹುಡುಗರನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಿದ್ದೆ. ಆದರೆ ಗುಡುಗು, ಹಲ್ಲಿ, ಲಿಫ್ಟು, ಪಟಾಕಿ, ಎಲ್ಲದಕ್ಕೂ ನನಗೆ ಭಯ. ಅಂಥವಳನ್ನು ದೇವರು ಒಂದು ವರ್ಷ, ಬೀಳುತ್ತದೋ ನಿಲ್ಲುತ್ತದೋ ಗೊತ್ತಿಲ್ಲದ ಮಾಳಿಗೆಯ ಕೆಳಗೆ ಭಾನುವಾರ ಭಾನುವಾರ ಕೂರಿಸಿದ. ಹೆದರುವವರ ಮೇಲೆ ಹಾವು ಹಾಕುವುದು ಅಂದರೆ ಇದೇ.

ನಮ್ಮದು ಲೂಥರನ್ ಕ್ರೈಸ್ತ ಸಭೆ. ನಮ್ಮ ಅಜ್ಜಂದಿರು ಗುಂಟೂರು ಕಡೆಯಿಂದ ಹುಬ್ಬಳ್ಳಿಗೆ ರೈಲ್ವೆ ಕೆಲಸಕ್ಕೆಂದು ಬಂದವರು. ತೆಲುಗು ಈಗ ನಮ್ಮ ಮನೆಗಳಲ್ಲಿ ಅಜ್ಜಿಯರ ಬೈಗುಳದಲ್ಲಿ ಮಾತ್ರ ಉಳಿದಿದೆ. ಉಳಿದದ್ದೆಲ್ಲ ಅಪ್ಪಟ ಹುಬ್ಬಳ್ಳಿ ಮಾತು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷಗಳಾದ ಮೇಲೆ ಅವರು ಒಂದು ಚರ್ಚು ಕಟ್ಟಿಸಿದರು. ಅದರ ನಕ್ಷೆ ಹಾಕಿ ನಿಂತು ಕಟ್ಟಿಸಿದವನು ಇಂಜಿನಿಯರಿಂಗ್ ಓದಿದ್ದ ಒಬ್ಬ ಪರದೇಶಿ ಮಿಷನರಿ. ಅವನ ಹೆಸರು ಯಾರ ಬಾಯಿಗೂ ಹೊಂದಲಿಲ್ಲವೋ ಏನೋ, ಎಲ್ಲರೂ ‘ದೊರಿ’ ಅಂದೇ ಕರೆದರು.

ಈ ಚರ್ಚನ್ನು ಮೊದಲ ಸಲ ನೋಡಿದವರಿಗೆ ಅದು ಚರ್ಚು ಅನ್ನಿಸುವುದಿಲ್ಲ. ಕಮಾನಿಲ್ಲ, ಮೊನಚು ಗೋಪುರವಿಲ್ಲ, ಕಂಬವಂತೂ ಒಂದೂ ಇಲ್ಲ. ಎರಡು ದೊಡ್ಡ ಕಾಂಕ್ರೀಟ್ ಹಲಗೆಗಳು ಎಡಬಲಗಳಲ್ಲಿ ನೆಲದಿಂದಲೇ ಎದ್ದು, ವಾಲಿಕೊಂಡು ಹೋಗಿ, ಮೇಲೆ ನೆತ್ತಿಯಲ್ಲಿ ಒಂದಕ್ಕೊಂದು ತಲೆ ಕೊಟ್ಟು ನಿಂತಿವೆ. ಮಕ್ಕಳು ಇಸ್ಪೀಟಿನ ಎರಡು ಎಲೆ ಆನಿಸಿ ನಿಲ್ಲಿಸುತ್ತಾರಲ್ಲ, ಹಾಗೆ. ಗೋಡೆ ಎಲ್ಲಿ ಮುಗಿಯಿತು, ಮಾಳಿಗೆ ಎಲ್ಲಿ ಶುರುವಾಯಿತು ಅಂತ ಕೇಳಿದರೆ ಉತ್ತರವಿಲ್ಲ, ಎರಡೂ ಒಂದೇ. ಪೀಠದ ಹಿಂದೆ ಎತ್ತರದ ಕಲ್ಲಿನ ಗೋಡೆ. ಅದರ ತುಂಬ ಅಂಗೈಯಷ್ಟು ಚೌಕದ ತೂತುಗಳು, ತೂತಿಗೊಂದು ಬಣ್ಣದ ಗಾಜು. ಬೆಳಗಿನ ಆರಾಧನೆಯಲ್ಲಿ ಕೆಂಪು, ನೀಲಿ ಚೌಕಗಳು ಗಂಡಸರ ಬಿಳಿ ಅಂಗಿಯ ಮೇಲೆ ಮೆಲ್ಲಗೆ ಸರಿಯುತ್ತಿದ್ದವು. ಗಂಟೆಯೂ ಕಟ್ಟಡದ ಮೇಲಿಲ್ಲ, ಅಂಗಳದಲ್ಲಿ ಎರಡು ಕಾಂಕ್ರೀಟ್ ಕಾಲುಗಳ ನಡುವೆ ತೂಗುತ್ತದೆ. ಆಟೋದವರು ಇದಕ್ಕೆ ‘ಡೇರೆ ಚರ್ಚ್’ ಎಂದು ಹೆಸರಿಟ್ಟಿದ್ದಾರೆ. ಬೇರೆ ಹೆಸರು ಹೇಳಿದರೆ ಅವರಿಗೆ ದಾರಿಯೇ ತಿಳಿಯುವುದಿಲ್ಲ.

ಚಿಕ್ಕವಳಿದ್ದಾಗ ನನಗೆ ಅದರೊಳಗೆ ಹೋದರೆ ದೊಡ್ಡ ಹಕ್ಕಿಯೊಂದು ರೆಕ್ಕೆ ಇಳಿಸಿ ಮುಚ್ಚಿಕೊಂಡಂತೆ ಅನ್ನಿಸುತ್ತಿತ್ತು. ಆಗ ಅಲ್ಲಿ ಎಂದೂ ಹೆದರಿರಲಿಲ್ಲ. ಅದೊಂದೇ ಜಾಗದಲ್ಲಿ ಹೆದರಿರಲಿಲ್ಲ ಅಂದರೂ ನಡೆದೀತು.

ಆ ಕಟ್ಟಡದ ನಡುಮಧ್ಯದಲ್ಲಿ ಒಂದು ಗೆರೆ ಇತ್ತು. ಎಡಗಡೆ ನೆಲದಿಂದ ಹೊರಟು, ವಾಲಿದ ಗೋಡೆಯ ಮೇಲೆ ಏರಿ, ನೆತ್ತಿ ದಾಟಿ, ಬಲಗಡೆ ನೆಲಕ್ಕೆ ಇಳಿಯುವ ಬೆರಳಗಲದ ಗೆರೆ. ಕಟ್ಟಡದ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಕಾಣುತ್ತಿತ್ತು. ನಾವದನ್ನು ‘ಸಂದಿ’ ಅನ್ನುತ್ತಿದ್ದೆವು. ಪ್ರತಿ ವರ್ಷ ಕ್ರಿಸ್ಮಸ್ಸಿನ ಸುಣ್ಣ ಬಳಿಯುವ ಮುಂಚೆ ಒಂದು ಶನಿವಾರ ಅದನ್ನು ತುಂಬುವ ಕೆಲಸ. ಮನೆಗೊಂದು ಬೋಗುಣಿ ಸಿಮೆಂಟು ತರಬೇಕು. ಗಂಡಸರು ಹಗ್ಗ ಕಟ್ಟಿಕೊಂಡು ಮೇಲೆ ಏರಿ ಸಂದಿಗೆ ಸಿಮೆಂಟು ಮೆತ್ತುವುದು, ಹೆಂಗಸರು ಹಿಂದಿನ ಶೆಡ್ಡಿನಲ್ಲಿ ಮಿರ್ಚಿ ಕರಿದು, ಗಿರ್ಮಿಟ್ ಕಲಸಿ, ಚಹಾ ಕುದಿಸುವುದು. ನಮಗೆ ಮಕ್ಕಳಿಗೆ ಅದು ಕ್ರಿಸ್ಮಸ್ಸಿಗಿಂತ ದೊಡ್ಡ ಹಬ್ಬ. ಇದರ ಯಜಮಾನಿಕೆ ನಮ್ಮ ದಾನಿಯೇಲ ಕಾಕಾನದು. ಅವನು ನನ್ನ ಅಪ್ಪನ ತಮ್ಮ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು, ಸಭೆಯ ಹಿರಿಯ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೂ ಅವನೇ ಹಿರಿಯ. ನೆತ್ತಿಯ ಮೇಲೆ ಕಾಲು ಚಾಚಿ ಕೂತು, “ಸಂದಿ ಬಿಡಬ್ಯಾಡ್ರೋ!” ಎಂದು ಕೂಗುತ್ತಿದ್ದ. ಕೆಳಗೆ ನಾವು ಮಕ್ಕಳು ಅದನ್ನೇ ಹಾಡಿನ ಹಾಗೆ ಒದರುತ್ತಿದ್ದೆವು. ಸಂದಿ ಬಿಡಬಾರದು ಅಂತ ದೊರಿ ಹೋಗುವಾಗ ಹಿರಿಯರಿಗೆ ಹೇಳಿ ಹೋಗಿದ್ದನಂತೆ. ಒಂದು ವರ್ಷವೂ ನಾವು ತಪ್ಪಿಸಲಿಲ್ಲ. ವಿಚಿತ್ರವೆಂದರೆ, ಎಷ್ಟು ಗಟ್ಟಿಯಾಗಿ ತುಂಬಿದರೂ ಮರುವರ್ಷದ ಚಳಿಗಾಲಕ್ಕೆ ಅದು ಮತ್ತೆ ಕೂದಲೆಳೆಯಷ್ಟು ಬಾಯಿ ತೆರೆದುಕೊಂಡು ಕೂತಿರುತ್ತಿತ್ತು.

ಆ ವರ್ಷ ಬಿಸಿಲು ಹೇಗಿತ್ತೆಂದರೆ, ಉಣಕಲ್ ಕೆರೆಯ ದಂಡೆಯಲ್ಲಿ ಮುಂಜಾನೆ ಅಡ್ಡಾಡುವವರು ಸೂರ್ಯ ಏಳುವ ಮುಂಚೆಯೇ ಮನೆ ಸೇರುತ್ತಿದ್ದರು. ಏಪ್ರಿಲ್‌ನಲ್ಲಿ, ಈಸ್ಟರಿಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರ. ಕೈಯಲ್ಲಿ ತೆಂಗಿನ ಗರಿ ಹಿಡಿದು ಎಲ್ಲರೂ ಕೂತಿದ್ದೆವು. ಹೊಸದಾಗಿ ಬಂದ ಎಳೆಯ ಸಭಾಪಾಲಕರು ಪ್ರಸಂಗ ಮಾಡುತ್ತಿದ್ದರು. ನಡುವೆ ಮೇಲಿಂದ ‘ಧಡ್’ ಎಂದು ಸಪ್ಪಳವಾಯಿತು. ಬಾಗಿಲು ಬಡಿದ ಸಪ್ಪಳವಲ್ಲ, ಕಲ್ಲು ಬಿದ್ದದ್ದಲ್ಲ. ಕಟ್ಟಡದ ಎಲುಬು ಮುರಿದಂಥ ಸಪ್ಪಳ. ಮರುಗಳಿಗೆಗೆ ಒಂದು ತುಂಡು ಗಚ್ಚು ಅವ್ವನ ಮುಂದೆ, ಅವಳ ಕೀರ್ತನೆ ಪುಸ್ತಕದ ಪಕ್ಕಕ್ಕೇ ಬಿದ್ದು ಪುಡಿಯಾಯಿತು.

ಅವ್ವ ಎಪ್ಪತ್ತೈದು ದಾಟಿದವಳು, ರೈಲ್ವೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅವಳ ಜಾಗ ಬಲಗಡೆಯ ನಡುವಿನ ಬೆಂಚು, ಸರಿಯಾಗಿ ಸಂದಿಯ ಕೆಳಗೆ. ಮದುವೆಯಾದಾಗಿನಿಂದ ಅಲ್ಲೇ. ಅವಳು ಸೆರಗಿನಿಂದ ಪುಡಿ ಒರೆಸಿ ಪುಟ ತಿರುಗಿಸಿದಳು. ಆರಾಧನೆ ಮುಗಿಯುವವರೆಗೂ ನನ್ನ ಕೈಯ ಗರಿ ಸರಸರ ಸಪ್ಪಳ ಮಾಡುತ್ತಿತ್ತು.

ಹೊರಗೆ ಬಂದ ಮೇಲೆ ಕಾಕಾ ಮೇಲೆ ನೋಡಿ ತೀರ್ಮಾನ ಕೊಟ್ಟ. “ಈ ಸಲ ಡಿಸೆಂಬರದಾಗ ಸಿಮೆಂಟ್ ಕಡಿಮಿ ಬಿತ್ತು. ಬರೂ ಶನಿವಾರ ಇನ್ನೊಮ್ಮಿ ತುಂಬೂಣು.”

ತುಂಬಿದರು. ಉಕ್ಕಿನ ಚಾಣದಿಂದ ಬಡಿದು ಬಡಿದು, ಸಾಸಿವೆ ಹೋಗುವಷ್ಟೂ ಜಾಗ ಬಿಡದ ಹಾಗೆ ತುಂಬಿದರು. ಮೇ ತಿಂಗಳಲ್ಲಿ ದೊಡ್ಡ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಹಾಕಿಕೊಂಡು ತೆರೆಯದಾಯಿತು, ಬಡಿಗೇರ ಬಂದು ಕೆತ್ತಿ ಹೋದ. ಮುಂದಿನ ವಾರ ಪೀಠದ ಹಿಂದಿನ ಗೋಡೆಯಲ್ಲಿ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತು. ನಾಲ್ಕು ಗಾಜುಗಳು ಒಡೆದು ಪೀಠದ ಬಟ್ಟೆಯ ಮೇಲೆ ಬಿದ್ದವು. ಭಾನುವಾರ ಮಧ್ಯಾಹ್ನ ಆಗುತ್ತಿದ್ದಂತೆ ಮೇಲಿನಿಂದ ಟಪ್, ಟಪ್, ಧಡ್. ನನಗೆ ಪ್ರಸಂಗದ ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ, ಮುಂದಿನ ಸಪ್ಪಳ ಯಾವಾಗ ಅಂತ ಕಾಯುವುದೇ ಆಗಿತ್ತು.

ಜನ ಕರಗಿದರು. ಮೊದಲು ಚಿಕ್ಕ ಮಕ್ಕಳಿದ್ದವರು ಬರುವುದು ನಿಲ್ಲಿಸಿದರು. ಆಮೇಲೆ ಹಾಡಿನ ತಂಡದವರು. ಕೆಲವರು ಊರಿನ ಬೇರೆ ಚರ್ಚುಗಳಿಗೆ ಹೋಗತೊಡಗಿದರು. ಉಳಿದವರೂ ಗೋಡೆಯ ಅಂಚು, ಬಾಗಿಲ ಅಂಚು ಹುಡುಕಿ ಕೂತರು. ನಡುವಿನ ಬೆಂಚುಗಳಲ್ಲಿ ಉಳಿದವಳು ಅವ್ವ ಒಬ್ಬಳೇ. ಅವಳ ಪಕ್ಕದಲ್ಲಿ, ಬೇರೆ ದಾರಿ ಇಲ್ಲದೆ, ಜೀವ ಕೈಯಲ್ಲಿ ಹಿಡಿದುಕೊಂಡು ನಾನು.

ಒಂದು ದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಎದುರು ಕೂತು ಅತ್ತೇಬಿಟ್ಟೆ.

“ಯವ್ವಾ, ನಿನ್ನ ಕಾಲಿಗೆ ಬೀಳ್ತೇನಿ. ಒಂದಷ್ಟು ದಿನಾ ಹಿಂದ ಬಾಗಿಲಾ ಹತ್ರ ಕುಂದರೂಣು.”

“ಯಾಕ?”

“ಯಾಕ ಅಂತೀಯಲ್ಲ! ಆ ತುಂಡು ನಾಲ್ಕ ಬಟ್ಟು ಈ ಕಡೆ ಬಿದ್ದಿದ್ರ?”

“ಬಿದ್ದಿಲ್ಲಲ್ಲ.” ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. “ನಿನ್ನ ಅಂಜಿಕಿ ಸಲುವಾಗಿ ನಾ ಜಾಗಾ ಬಿಡೂದಿಲ್ಲ, ಸುಗುಣಿ. ನೀ ಬೇಕಾದ್ರ ಹೊರಗ ಗಿಡದ ಬುಡಕ ಕುಂದರು. ದೇವರಿಗೇನು, ಅಲ್ಲಿಂದನೂ ಕೇಳಸ್ತೈತಿ.”

ಸಿಟ್ಟು ಬಂತು. ಅವಳು ಸತ್ತರೆ ಹೇಗೆ ಎಂಬ ಭಯದಷ್ಟೇ, ಅವಳ ಹಟದ ಮೇಲಿನ ಸಿಟ್ಟೂ ನನ್ನನ್ನು ಆ ದಿನಗಳಲ್ಲಿ ಸುಟ್ಟಿತು. ಅವಳಿಗೆ ಭಯ ಅನ್ನುವುದೇ ಹುಟ್ಟಿಲ್ಲ, ನನಗೆ ಮಾತ್ರ ಎರಡು ಪಾಲು ಬಂದಿದೆ ಅಂದುಕೊಂಡೆ.

ಕೊನೆಗೆ ಶಬಾನಾಗೆ ಫೋನ್ ಮಾಡಿದೆ. ಶಬಾನಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳಪ್ಪನದು ಉಣಕಲ್‌ನಲ್ಲಿ ಗ್ಯಾರೇಜು. ಅವಳು ಸಿವಿಲ್ ಇಂಜಿನಿಯರ್, ಹಳೆಯ ಕಟ್ಟಡಗಳ ದುರಸ್ತಿಯೇ ಅವಳ ಕೆಲಸ. ಸ್ಕೂಟಿಯ ಮೇಲೆ ಬಂದವಳು ಚರ್ಚಿನ ಮುಂದೆ ಹೆಲ್ಮೆಟ್ಟೂ ತೆಗೆಯದೆ ಸುಮಾರು ಹೊತ್ತು ನಿಂತಳು. “ಎಂಥಾ ಛಲೋ ಕಟ್ಯಾರ್ರೀ ಅಕ್ಕೋರ,” ಅಂದಳು. ಒಳಗೆ ಬಂದು ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಕುಟ್ಟಿ ಕಿವಿಗೊಟ್ಟಳು. ಪೀಠದ ಹಿಂದಿನ ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಅಂಟಿಸಿದಳು.

“ದಿನಾ ಬಂದು ನೋಡ್ರಿ ಅಕ್ಕೋರ. ಗಾಜು ಇಡೀ ಇದ್ರ ಗ್ವಾಡಿ ಸುಮ್ನ ನಿಂತೈತಿ ಅಂತ. ಒಡದ್ರ ಗ್ವಾಡಿ ಇನ್ನೂ ಸರಿಯಾಕತ್ತೈತಿ ಅಂತ ತಿಳೀರಿ.”

ನನ್ನಂಥವಳಿಗೆ ಇಂಥ ಕೆಲಸ ಕೊಡಬಾರದಿತ್ತು. ಪ್ರತಿ ಮುಂಜಾನೆ ನವನಗರದಿಂದ ಬಸ್ಸು ಹಿಡಿದು ಹೋಗುವುದು, ಬೀಗ ತೆಗೆಯುವುದು, ಕಣ್ಣು ಅರ್ಧ ಮುಚ್ಚಿಕೊಂಡೇ ಪೀಠದ ಕಡೆ ನಡೆಯುವುದು. ಗಾಜು ಇಡೀ ಇದ್ದರೆ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಿದ್ದೆ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಎರಡು ದಿನ ಬಿಡದೆ ಹೊಡೆಯಿತು. ಮೂರನೆಯ ದಿನ ಹೋದಾಗ ಎಲ್ಲ ಪಟ್ಟಿಗಳೂ ನಡುವೆ ಸೀಳಿದ್ದವು. ಒಂದಂತೂ ಬಿದ್ದೇ ಹೋಗಿತ್ತು. ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ನೋಡದೆ ಅಂಗಳಕ್ಕೆ ಓಡಿ ಬಂದೆ.

ಶಬಾನಾ ಅಂದೇ ಚರ್ಚಿಗೆ ಬೀಗ ಹಾಕಿಸಿದಳು. ಆ ಭಾನುವಾರ ಅಂಗಳದಲ್ಲಿ ತಾಡಪಾಲಿನ ಕೆಳಗೆ ಆರಾಧನೆ. ಅದು ಮುಗಿದ ಮೇಲೆ ಅವಳು ಸಭೆಯ ಹಿರಿಯರ ಮುಂದೆ ನಿಂತು ವಿಷಯ ಹೇಳಿದಳು. ನಾವು ಇಷ್ಟು ವರ್ಷ ಸಿಮೆಂಟು ತುಂಬಿದ ಗೆರೆ ಬಿರುಕಲ್ಲ, ಕಟ್ಟಿದವರು ಬೇಕೆಂತಲೇ ಬಿಟ್ಟ ಸಂದಿ. ಅಷ್ಟು ದೊಡ್ಡ ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಹಿಗ್ಗಲು ಜಾಗ ಬೇಕೆಂದು ಕಟ್ಟಡವನ್ನು ಎರಡು ಭಾಗ ಮಾಡಿ, ನಡುವೆ ಬೆರಳಗಲ ಬಿಟ್ಟು, ಮೆತ್ತನೆಯ ಡಾಂಬರು ತುಂಬಿದ್ದರು. ಡಾಂಬರು ಒಣಗಿ ಉದುರಿತು. ನಾವು ಚಳಿಗಾಲದಲ್ಲಿ, ಅದು ಕುಗ್ಗಿ ಬಾಯಿ ತೆರೆದಾಗ ಸಿಮೆಂಟು ಜಡಿದೆವು. ಬೇಸಿಗೆಯಲ್ಲಿ ಹಿಗ್ಗಲು ಜಾಗವಿಲ್ಲದೆ ಕಟ್ಟಡದ ಮುಂದಿನ ಅರ್ಧಭಾಗ ಪೀಠದ ಗೋಡೆಯನ್ನು ನೂಕಿತು. ವರ್ಷಕ್ಕಿಷ್ಟು, ವರ್ಷಕ್ಕಿಷ್ಟು. ಹಗ್ಗವನ್ನು ಹಾವೆಂದು ತಿಳಿದು ವರ್ಷಗಟ್ಟಲೆ ಬಡಿದಿದ್ದೆವು.

“ಈಗ ಏನ ಮಾಡಬೇಕವಾ?” ಸಭಾಪಾಲಕರು ಕೇಳಿದರು.

“ಸಂದಿ ಬಿಡಸಬೇಕ್ರಿ. ತುಂಬಿದ ಸಿಮೆಂಟ್ ಎಲ್ಲಾ ಕೊರದು ತಗೀಬೇಕು. ಮುಂದಿನ ಬ್ಯಾಸಗಿ ತನಕ ಕಾಯೂ ಹಂಗಿಲ್ಲ. ಬುಡದಾಗ ಎರಿಮಣ್ಣೈತಿ, ಮಳಿನೀರು ಕುಡದು ಉಬ್ಬಾಕತ್ತೈತಿ. ಅದು ಕೆಳಗಿಂದ ಎತ್ತತೈತಿ, ಇದು ನಡುವಿಂದ ನೂಕತೈತಿ.”

ಕಾಕಾನ ಮುಖ ಕಪ್ಪಿಟ್ಟಿತು. “ಅಂದ್ರ ನಾವು ಚರ್ಚನ್ನ ಎರಡ ತುಂಡ ಮಾಡಬೇಕಂತಿ? ಗಟ್ಟಿ ಆಗ್ಲಿ ಅಂತ ತುಂಬಿದ್ದು ತಗದ್ರ ನಿಲ್ಲತೈತೇನು? ಸಂದಿ ಬಿಡಬ್ಯಾಡ್ರಿ ಅಂತ ಕಟ್ಟಿದಾವನ ಹೇಳಿ ಹೋಗ್ಯಾನ. ನಮ್ಮಪ್ಪ ಕಿವ್ಯಾರೆ ಕೇಳ್ಯಾನ. ಅವನಿಗಿಂತ ನಿನಗ ಹೆಚ್ಚ ಗೊತ್ತೈತೇನವಾ?”

ಅರ್ಧ ಜನ ಕಾಕಾನ ಕಡೆಯೇ ತಲೆ ಆಡಿಸಿದರು. ಶಬಾನಾ ನನ್ನ ಕಡೆ ನೋಡಿದಳು. ನಾನು ಎಂದಿನಂತೆ ನೆಲ ನೋಡಿದೆ.

ಆಗ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅವ್ವ, “ದಾನಿಯೇಲ, ದೊರಿ ಹಂಗ ಹೇಳಿಲ್ಲೋ,” ಅಂದಳು.

“ನಿಮಗೇನ ಗೊತ್ತ ವೈನಿ?”

“ನೀ ಆವಾಗ ಐದಾರ ವರ್ಷದ ಹುಡುಗ. ನಾ ಸ್ಲ್ಯಾಬಿಗೆ ನೀರ ಹೊತ್ತಾಕಿ. ದೊರಿ ಹೋಗೂ ದಿನಾ ಎಲ್ಲಾರನೂ ನಿಲ್ಲಿಸಿ ಹೇಳಿದ. ಅಂವ ಧಾರವಾಡದಾಗ ಪಂಡಿತರ ಕಡೆ ಕನ್ನಡಾ ಕಲ್ತಾಂವ. ನಮ್ಮಂಗ ಮಾತಾಡತಿದ್ದಿಲ್ಲ, ಪುಸ್ತಕಾ ಓದಿದಂಗ ಮಾತಾಡತಿದ್ದ.” ಅವ್ವ ಕುರ್ಚಿಯಲ್ಲಿ ನೆಟ್ಟಗೆ ಕೂತು, ಪರದೇಶಿಯ ಧ್ವನಿ ತೆಗೆದಳು. “‘ಸಹೋದರರೇ, ಈ ಸಂಧಿಯನ್ನು ಎಂದಿಗೂ ಕೈಬಿಡಬೇಡಿರಿ.’ ನಾವು ಹುಡುಗ್ಯಾರು ಎಷ್ಟೋ ದಿನಾ ಹಂಗ ಅಣಕ ಮಾಡಿ ನಕ್ಕೇವಿ.”

ಮೂವತ್ತು ವರ್ಷ ಮಕ್ಕಳಿಗೆ ಲೋಪ ಸಂಧಿ, ಆಗಮ ಸಂಧಿ, ಆದೇಶ ಸಂಧಿ ಕಲಿಸಿದವಳು ನಾನು. ಕಿವಿಯಲ್ಲಿ ಏನೋ ಚಟ್ ಎಂದಿತು. ಭಯ ಇದ್ದಂತೆಯೇ ಎದ್ದು ನಿಂತೆ.

“ಕಾಕಾ, ಕೈಬಿಡೂದು ಬ್ಯಾರೆ, ಬಿಡೂದು ಬ್ಯಾರೆ. ಕೈಬಿಡಬೇಡಿರಿ ಅಂದ್ರ ನೋಡಕೋರಿ, ಜ್ವಾಕಿ ಮಾಡ್ರಿ ಅಂತ ಅರ್ಥ. ವರ್ಷಾ ವರ್ಷಾ ಸ್ವಚ್ಛ ಮಾಡಿ ಹೊಸಾ ಡಾಂಬರ ಹಾಕ್ರಿ ಅಂದಾನ ಅಂವ. ನಮ್ಮ ಬಾಯಾಗ ‘ಕೈ’ ಬಿದ್ದಹೋಗಿ ಬರೇ ‘ಬಿಡಬ್ಯಾಡ್ರಿ’ ಉಳದೈತಿ. ನಾವು ಜಾಗಾ ಬಿಡಬ್ಯಾಡ್ರಿ ಅಂತ ತಿಳಕೊಂಡೇವಿ.”

ಯಾರೋ ಒಬ್ಬರು ನಗಲು ಹೋಗಿ ಸುಮ್ಮನಾದರು. ಕಾಕಾ ಅವ್ವನನ್ನೇ ನೋಡುತ್ತಿದ್ದ.

“ವೈನಿ, ಮತ್ತ ಇಷ್ಟ ವರ್ಷಾ ಯಾಕ ಹೇಳಲಿಲ್ಲ ನೀವು?”

“ಮ್ಯಾಲ ನೀವು ಏನ ಮಾಡತಿದ್ರಿ ನನಗೇನ ಗೊತ್ತು? ಸಂದಿಗೆ ಡಾಂಬರ ತುಂಬಾಕತ್ತಾರ, ಸಿಮೆಂಟ್ ಆಜೂಬಾಜೂ ಗಿಲಾಯಿ ಮಾಡಾಕ ಅಂತ ತಿಳದಿದ್ದೆ. ನಾವು ಹೆಣಮಕ್ಕಳು ಶೆಡ್ಡಿನಾಗ ಮಿರ್ಚಿ ಕರ್ಕೋತ ಇರತಿದ್ವಿ. ಬಂದು ನೋಡ್ರಿ ಅಂತ ಯಾರರೆ ಕರದ್ರೇನು?”

ಕಾಕಾ ತಾಡಪಾಲಿನ ಕಂಬ ಹಿಡಿದುಕೊಂಡು ಕೆಳಗೆ ಕೂತ. ಅವನ ಭುಜ ಅಷ್ಟು ಇಳಿದದ್ದನ್ನು ಅಪ್ಪನ ಮಣ್ಣಿನ ದಿನವೂ ನಾನು ಕಂಡಿರಲಿಲ್ಲ.

ಆಷಾಢದ ಗಾಳಿ ಶುರುವಾಗಿತ್ತು. ಮಳೆ ಬಿಡುವು ಕೊಟ್ಟ, ಮೋಡ ಕವಿದ ತಂಪಾದ ಮುಂಜಾನೆಯೊಂದನ್ನು ಶಬಾನಾ ಆರಿಸಿದಳು. ತಂಪಿನಲ್ಲಿ ಕಾಂಕ್ರೀಟು ಕುಗ್ಗಿರುತ್ತದೆ, ಒತ್ತಡ ಕಡಿಮೆ ಎಂದಳು. ಒಳಗೆ ಕಬ್ಬಿಣದ ಜಾಕುಗಳನ್ನು ಆನಿಸಿದ್ದರು. ಆದರೂ ಬಿಗಿದುಕೊಂಡಿದ್ದು ಒಮ್ಮೆಲೇ ಸಡಿಲಾದರೆ ಹಲಗೆ ಹೇಗೆ ಜಿಗಿಯುತ್ತದೋ ಹೇಳಲಾಗದು, ಯಾರೂ ಒಳಗೆ ಕಾಲಿಡಬಾರದು ಎಂದು ಎಲ್ಲರೆದುರು ಕೂಗಿ ಹೇಳಿದಳು. ಹೇಳಿ, ಹೊರಗಿನ ಅಟ್ಟಣಿಗೆ ಏರಿ ನೆತ್ತಿಗೆ ಹೋದಳು. ಸಭೆ ಬಿಟ್ಟು ಹೋದವರೂ ಅಂದು ಬಂದಿದ್ದರು. ಅಂಗಳದ ಬೇವಿನ ಗಿಡದ ಕೆಳಗೆ ಎಲ್ಲರೂ ನಿಂತೆವು. ಕೊರೆಯುವ ಮಿಷನ್ನು ಕಿರುಚತೊಡಗಿತು. ಧೂಳು ಏಳದಿರಲೆಂದು ಪೈಪಿನಿಂದ ನೀರು ಬಿಡುತ್ತಿದ್ದರು. ಬೂದಿ ಬಣ್ಣದ ನೀರು ಗೋಡೆಯ ಮೇಲೆ ಇಳಿದು ಬಂತು. ಅದರ ಜೊತೆಗೆ ಆ ವಾಸನೆ.

ನಾನು ಕಣ್ಣು ಮುಚ್ಚಿ ಬಾಯಿಪಾಠದ ಕೀರ್ತನೆ ಹೇಳಿಕೊಳ್ಳುತ್ತಿದ್ದೆ. ಕಣ್ಣು ತೆರೆದಾಗ ಪಕ್ಕದ ಕುರ್ಚಿ ಖಾಲಿ. ಅವ್ವ ಇಲ್ಲ. ಸುತ್ತ ನೋಡಿದರೆ ಕಾಕಾನೂ ಇಲ್ಲ. ಪಕ್ಕದ ಸಣ್ಣ ಬಾಗಿಲು, ಸಭಾಪಾಲಕರು ಒಳಗೆ ಹೋಗುವ ಬಾಗಿಲು, ಅರ್ಧ ತೆರೆದಿತ್ತು.

ಒಳಗೆ ಕತ್ತಲೆ ಕತ್ತಲೆ. ನಡುವಿನ ಬೆಂಚಿನಲ್ಲಿ, ಸಂದಿಯ ಕೆಳಗೆ, ಕಾಕಾ ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕದಲ್ಲಿ ಅವ್ವ, ಮಡಿಲಲ್ಲಿ ಕೈ ಇಟ್ಟುಕೊಂಡು. ಮೇಲಿಂದ ಹಸಿ ಸಿಮೆಂಟಿನ ಹನಿ ಅವರ ತಲೆಯ ಮೇಲೆ ಬೀಳುತ್ತಿತ್ತು. ಬಾಗಿಲಲ್ಲೇ ನಿಂತು ಕೂಗಿದೆ. ಮಿಷನ್ನಿನ ಸಪ್ಪಳಕ್ಕೆ ನನ್ನ ಕೂಗು ನನಗೇ ಕೇಳಲಿಲ್ಲ. ಸತ್ಯ ಹೇಳುತ್ತೇನೆ, ತಿರುಗಿ ಓಡಬೇಕೆನ್ನಿಸಿತು. ಹೇಗೆ ಒಳಗೆ ಹೋದೆನೋ, ಬೆಂಚಿನ ಹತ್ತಿರ ಹೋದಾಗ ಮಿಷನ್ನು ಒಂದು ಗಳಿಗೆ ನಿಂತಿತು.

“ನೀವು ಹೊರಗ ಹೋಗ್ರಿ ವೈನಿ,” ಕಾಕಾ ಹೇಳುತ್ತಿದ್ದ. “ಸುಗುಣಾ, ನಿಮ್ಮವ್ವನ್ನ ಕರಕೊಂಡು ಹೋಗವಾ. ತುಂಬಿದಾಂವ ನಾನು. ಬೀಳೂದಾದ್ರ ನನ್ನ ಮ್ಯಾಲ ಬೀಳಲಿ.”

“ಹಂಗಾರ ಅರ್ಧಾ ನನ್ನ ಮ್ಯಾಲೂ ಬೀಳಲಿ,” ಅಂದಳು ಅವ್ವ. “ಸಿಮೆಂಟ್ ಕಲಸಿದಾಂವ ನೀ, ಮಿರ್ಚಿ ಕರದು ಹಾಕಿದಾಕಿ ನಾನು. ನೀ ಎದ್ರ ನಾ ಏಳ್ತೇನಿ. ಇಲ್ಲಾಂದ್ರ ಮೂರೂ ಮಂದಿ ಇಲ್ಲೇ ಕುಂದರೂಣು. ಈಕಿನೂ ಬಂದಾಳ ನೋಡು, ಹಲ್ಲಿಗೆ ಅಂಜಾಕಿ.”

ಕಾಕಾ ನನ್ನ ಕಡೆ ನೋಡಿದ. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಅದನ್ನು ನೋಡಿಯೇ ಇರಬೇಕು, ಅವನು ಎದ್ದ. ನಾವು ಮೂವರೂ ಸಣ್ಣ ಬಾಗಿಲು ಮುಟ್ಟಿರಲಿಲ್ಲ, ಮೇಲೆ ಮತ್ತೆ ಮಿಷನ್ನು ಶುರುವಾಯಿತು, ಮತ್ತು ಆ ಸಪ್ಪಳ ಬಂತು. ಏಪ್ರಿಲ್‌ನ ಸಪ್ಪಳ ಇದರ ಮುಂದೆ ಚಿಟಿಕೆ. ನೆಲವೇ ಒಮ್ಮೆ ಜಗ್ಗಿದಂತಾಯಿತು. ಹಿಂದೆ ಸಿಮೆಂಟಿನ ತುಂಡುಗಳು ಬೆಂಚಿನ ಮೇಲೆ ದಬದಬ ಬಿದ್ದವು, ಧೂಳು ಎದ್ದು ಪೀಠ ಕಾಣದಾಯಿತು. ನಾನು ಅವ್ವನನ್ನು ತಬ್ಬಿಕೊಂಡು ಕೆಳಗೆ ಕೂತುಬಿಟ್ಟೆ. ಮುಗಿಯಿತು ಅಂದುಕೊಂಡೆ. ಮುಗಿಯಲಿ, ಆದರೆ ಲಗೂ ಮುಗಿಯಲಿ ಅಂದುಕೊಂಡೆ.

ಮಾಳಿಗೆ ಬೀಳಲಿಲ್ಲ. ಧೂಳು ಇಳಿದಾಗ ಎರಡೂ ಹಲಗೆಗಳು ಮೊದಲಿನಂತೆಯೇ ಒಂದಕ್ಕೊಂದು ತಲೆ ಕೊಟ್ಟು ನಿಂತಿದ್ದವು. ನಡುವಿನ ಬೆಂಚು ಮಾತ್ರ ಮುರಿದಿತ್ತು. ಹೊರಗೆ ಬಂದಾಗ ಶಬಾನಾ ಅಟ್ಟಣಿಗೆ ಇಳಿದು ಬಂದು ನಮ್ಮ ಮೂವರಿಗೂ ಬೈದ ಬೈಗುಳ, ನಾನು ಅವಳಿಗೆ ಎಂದೂ ಕಲಿಸಿದ್ದಲ್ಲ. ಬೈದು ಬೈದು ಅವಳೇ ಅತ್ತಳು. ಕಾಕಾ ಅವಳ ತಲೆಯ ಮೇಲೆ ಕೈಯಿಟ್ಟ.

ಆಮೇಲಿನದು ಕೆಲಸದ ಮಾತು. ಸಂದಿಗೆ ಮೆತ್ತನೆಯ ಹೊಸ ಪದರ ಹಾಕಿದರು, ಮೇಲೆ ತಗಡು ಮುಚ್ಚಿದರು, ಬಿರುಕಿಗೆ ಅಡ್ಡಲಾಗಿ ಕಬ್ಬಿಣದ ಸರಳು ಕೂರಿಸಿ ಪೀಠದ ಗೋಡೆಯನ್ನು ಹೊಲಿದರು. ಮತ್ತೆ ಅಂಟಿಸಿದ ಗಾಜಿನ ಪಟ್ಟಿಗಳು ದಸರೆಯವರೆಗೂ ಇಡಿಯಾಗಿದ್ದವು. ಇನ್ನು ಹೆದರಬೇಡಿ ಎಂದು ಶಬಾನಾ ಬಾಗಿಲಿನ ಕೀಲಿಕೈ ಸಭಾಪಾಲಕರ ಕೈಗೆ ಕೊಟ್ಟಳು. ಬೆಳೆ ಹಬ್ಬದ ಭಾನುವಾರ ಚರ್ಚು ಮತ್ತೆ ತೆರೆಯಿತು. ಕುಂಬಳಕಾಯಿ, ಜೋಳದ ತೆನೆ, ಮೆಣಸಿನಕಾಯಿ ಬುಟ್ಟಿಗಳನ್ನು ಹೊತ್ತುಕೊಂಡು, ಬಿಟ್ಟು ಹೋದವರೆಲ್ಲ ತಿರುಗಿ ಬಂದಿದ್ದರು. ಕೂರಲು ಜಾಗವಿಲ್ಲ. ಮುರಿದ ಬೆಂಚಿನ ಜಾಗದಲ್ಲಿ ಹೊಸದನ್ನು ಹಾಕಿಸಿದ್ದ ಕಾಕಾ, ಅದನ್ನು ಯಾರಿಗೂ ಬಿಟ್ಟುಕೊಡದೆ ಅವ್ವನಿಗಾಗಿ ಕಾಯುತ್ತಿದ್ದ.

ಅವ್ವ ಒಳಗೆ ಬಂದಳು. ಬಂದವಳು ನಡುವಿಗೆ ಹೋಗಲಿಲ್ಲ. ಎಲ್ಲಕ್ಕೂ ಹಿಂದಿನ, ಬಾಗಿಲಿಗೆ ಅಂಟಿದ ಬೆಂಚಿನ ತುದಿಯಲ್ಲಿ ಕೂತಳು. ಒಂದು ಕಾಲು ಆಗಲೇ ಹೊರಗೆ ಹಾಕಿದಂತೆ.

“ಯವ್ವಾ, ನಿನ್ನ ಜಾಗಾ ಅಲ್ಲೈತಿ. ಕಾಕಾ ಹಿಡಕೊಂಡ ಕುಂತಾನ.”

“ಇಲ್ಲೇ ಇರಲಿ ಬಿಡು. ಇಲ್ಲಿ ಬಾಗಿಲಾ ಹತ್ರ ಐತಿ.”

“ಈಗ್ಯಾಕ? ಇನ್ನ ಬೀಳೂದಿಲ್ಲಂತ ಶಬಾನಾ ಹೇಳ್ಯಾಳಲ್ಲ!”

“ಗೊತ್ತೈತಿ. ಅದಕ್ಕ ಈಗ ಅಂಜಾಕತ್ತೇನಿ,” ಅಂದಳು ಅವ್ವ ಮೆಲ್ಲಗೆ, ಮುಂದಿನ ಬೆಂಚಿನವರಿಗೆ ಕೇಳದ ಹಾಗೆ. “ಆವಾಗ ನಾ ಅಂಜಿ ಎದ್ದ ಬಂದಿದ್ರ, ಒಳಗ ಯಾರ ಉಳೀತಿದ್ರವಾ? ಆ ಎಳೀ ಅಯ್ಯಾರು ಖಾಲಿ ಬೆಂಚಿಗೆ ಪ್ರಸಂಗ ಹೇಳಬೇಕಾಗತಿತ್ತು. ಪ್ರತಿ ಭಾನುವಾರ ನನ್ನ ಕಾಲು ಹೆಂಗ ನಡಗತಿದ್ವು, ನಿನಗ ಕಾಣಬಾರದಂತ ಸೀರಿ ನಿರಿಗಿ ಹಿಡಕೊಂಡು ಕುಂದರತಿದ್ದೆ.”

ಹಾಡು ಶುರುವಾಯಿತು, ಎಲ್ಲರೂ ಎದ್ದರು. ಅವ್ವ ಏಳಲಿಲ್ಲ. ತಲೆ ಎತ್ತಿ ನೆತ್ತಿಯ ಗೆರೆಯನ್ನೇ ನೋಡುತ್ತ, ನನ್ನ ಮೊಣಕೈಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡಳು. ನಾನೂ ಅವಳ ಪಕ್ಕದಲ್ಲೇ ಕೂತೆ.